ಬಲ್ಬಿನ ಕೆಳಗೆ ಬೂದು ಬಣ್ಣ

ಬೆಳಗಿನ ಏಳು ಗಂಟೆ. ಅಕ್ಟೋಬರಿನಲ್ಲಿ ದೂರದ ಉತ್ತರದ ಶೆಟ್‌ಲೆಂಡ್ ದ್ವೀಪಗಳ ಸೂರ್ಯನಿಗೆ ಇದು ಏಳುವ ಹೊತ್ತಲ್ಲ. ಓಸ್ಲಾ ಹ್ಯಾಲ್ಕ್ರೋ ಅವರಿಗೆ ಮಾತ್ರ ಐವತ್ತೊಂದು ವರ್ಷದಿಂದ ಇದೇ ಹೊತ್ತು. ಲೆರ್ವಿಕ್ ಬಂದರಿನ ಪಕ್ಕದಲ್ಲಿ, ಹಿಂದೊಮ್ಮೆ ಮೀನಿಗೆ ಉಪ್ಪು ಹಾಕುತ್ತಿದ್ದ ಗೋದಾಮಿನ ಬಾಗಿಲಿಗೆ ಹೆಗಲು ಕೊಟ್ಟು ನೂಕುತ್ತಾರೆ. ಬಾಗಿಲು ಮಿಸುಕುವುದಿಲ್ಲ. “ಏನಮ್ಮಾ, ಇವತ್ತೂ ಮುನಿಸಾ?” ಎಂದು ವಿಚಾರಿಸಿ ಇನ್ನೊಮ್ಮೆ ನೂಕುತ್ತಾರೆ. ತೆರೆದುಕೊಳ್ಳುತ್ತದೆ. ದಿನದ ಮೊದಲ ಮಾತು ಬಾಗಿಲಿನ ಜೊತೆ. ಎಷ್ಟೋ ದಿನ ಕೊನೆಯ ಮಾತೂ ಅದರ ಜೊತೆಗೇ.

ಒಳಗೆ ಉಣ್ಣೆಯ ಜಿಡ್ಡಿನ ವಾಸನೆ, ಸೂರು ಮುಟ್ಟುವ ಹಾಗೆ ಒಟ್ಟಿದ ಚೀಲಗಳು. ನಡುವೆ ಸೊಂಟದೆತ್ತರದ ಮೇಜು. ಸಂದು ಬಿಟ್ಟು ಜೋಡಿಸಿದ ಮರದ ಪಟ್ಟಿಗಳೇ ಅದರ ಮೈ. ಕುರಿಯ ಮೈಯಿಂದ ಇಡಿಯಾಗಿ ಬಂದ ತುಪ್ಪಟದ ಮಣ್ಣು, ಹಿಕ್ಕೆ, ಒಣಹುಲ್ಲು ಕೆಳಕ್ಕೆ ಉದುರಿಹೋಗಲಿ ಎಂದು. ಇಬ್ಬರು ಎದುರುಬದುರು ನಿಂತು ಕೆಲಸ ಮಾಡಲೆಂದೇ ಮಾಡಿಸಿದ ಮೇಜು. ಈ ಕಡೆಯ ನೆಲದ ಹಲಗೆ ಓಸ್ಲಾ ಅವರ ಪಾದದ ಅಳತೆಗೆ ಸವೆದಿದೆ. ಆ ಕಡೆಯ ಹಲಗೆಯೂ ಅಷ್ಟೇ ಸವೆದಿದೆ. ಆದರೆ ಆರು ವರ್ಷದಿಂದ ಅದರ ಮೇಲೆ ಧೂಳು.

ಓಸ್ಲಾ ಬೂದು ಬಣ್ಣದ ಮೂರು ತುಪ್ಪಟಗಳನ್ನು ಮೇಜಿನ ಮೇಲೆ ಹರಡುತ್ತಾರೆ. ಚಹಾಕ್ಕೆ ನೀರಿಡುತ್ತಾರೆ. ಆಮೇಲೆ ಲೋಟ ಹಿಡಿದು ಸುಮ್ಮನೆ ಕೂರುತ್ತಾರೆ. ತಲೆಯ ಮೇಲೆ ಬಲ್ಬು ಇದೆ, ಹಾಕುವುದಿಲ್ಲ. ಉತ್ತರದ ಕಿಟಕಿಯಿಂದ ಬೆಳಕು ತಾನಾಗಿ, ಕರೆಯದೆ ಬಂದ ನೆಂಟನ ಹಾಗೆ ಸಂಕೋಚಪಡುತ್ತ ಒಳಗೆ ಬರಬೇಕು.

“ಬಲ್ಬಿನ ಕೆಳಗೆ ಬಿಳಿ ನೋಡ್ಬಹುದು, ಕಂದು ನೋಡ್ಬಹುದು. ಬೂದು ಮಾತ್ರ ನೋಡ್ಬಾರ್ದು,” ಎನ್ನುತ್ತಾರೆ. “ಬಲ್ಬಿಗೆ ಬೂದು ಅಂದ್ರೆ ಎಲ್ಲಾ ಒಂದೇ. ಹೋದ ತಿಂಗಳು ನನಗೂ ಒಂದೇ ಆಗ್ಬಿಡ್ತು.”

ಹೋದ ತಿಂಗಳ ಆ ಸಂಗತಿಯನ್ನು ಅವರೇ ಹೇಳುತ್ತಾರೆ, ಯಾರೂ ಒತ್ತಾಯ ಮಾಡಬೇಕಿಲ್ಲ. ಅದಕ್ಕೆ ಮೊದಲು ಅವರ ಕೆಲಸ ಏನು ಎಂದು ತಿಳಿದಿರಬೇಕು.

ಓಸ್ಲಾ ಅವರದು ಉಣ್ಣೆ ಆರಿಸುವ ಕೆಲಸ. ದ್ವೀಪಗಳ ಸಣ್ಣ ಸಣ್ಣ ಹಿಡುವಳಿಗಳಿಂದ ಬರುವ ತುಪ್ಪಟಗಳನ್ನು ಒಂದೊಂದಾಗಿ ಬಿಚ್ಚಿ, ಕತ್ತಿನ ನಯವಾದದ್ದು ಬೇರೆ, ಹೆಗಲಿನದು ಬೇರೆ, ತೊಡೆಯ ಒರಟು ಬೇರೆ ಮಾಡಬೇಕು. ಬಣ್ಣ ನೋಡಬೇಕು, ಬಲ ನೋಡಬೇಕು, ಯಾವ ಮನೆಯ ಉಣ್ಣೆ, ಹೇಗಿದೆ ಎಂದು ಚೀಟಿ ಬರೆದು ಚೀಲಕ್ಕೆ ಕಟ್ಟಬೇಕು. ಒಳ್ಳೆಯದಕ್ಕೆ ಬಿಳಿ ಚೀಟಿ, ತಿರಸ್ಕಾರಕ್ಕೆ ಕೆಂಪು. ಜುಲೈಯಿಂದ ನವೆಂಬರಿನ ತನಕ ದಿನಕ್ಕೆ ನೂರಾ ಅರವತ್ತು ತುಪ್ಪಟ, ಒಂದಕ್ಕೆ ಎರಡೂವರೆ ನಿಮಿಷ. ನಡುವೆ ಬ್ಯಾನಕ್ ರೊಟ್ಟಿ, ಒಣಗಿಸಿದ ಕುರಿಮಾಂಸದ ಸಾರು. ಎಲ್ಲ ಸೇರಿಸಿದರೆ ಈ ಅಂಗೈಗಳ ಕೆಳಗೆ ಎಂಟು ಲಕ್ಷದಷ್ಟು ಕುರಿಗಳು ಹಾದುಹೋಗಿವೆ. ಅಷ್ಟು ಉಣ್ಣೆಯ ಜಿಡ್ಡು ಕುಡಿದ ಅಂಗೈ ಅರವತ್ತೇಳರ ಈ ವಯಸ್ಸಿನಲ್ಲೂ ಮಗುವಿನದರಂತೆ ಮೆತ್ತಗಿದೆ. ಬೆರಳಿನ ಗೆಣ್ಣುಗಳು ಮಾತ್ರ ವಯಸ್ಸನ್ನು ಮುಚ್ಚಿಡುವುದಿಲ್ಲ.

ಬಲ ನೋಡುವುದು ಕಣ್ಣಿಂದಲ್ಲ, ಕಿವಿಯಿಂದ. ಓಸ್ಲಾ ಒಂದು ಕುಚ್ಚು ಉಣ್ಣೆಯ ಎರಡೂ ತುದಿ ಹಿಡಿದು, ಕಿವಿಯ ಹತ್ತಿರ ತಂದು ಜಗ್ಗುತ್ತಾರೆ. ಗಟ್ಟಿಯಿದ್ದರೆ ತಂತಿ ಮೀಟಿದ ಹಾಗೆ ಒಂದು ಸಣ್ಣ ನಾದ. ಇಲ್ಲದಿದ್ದರೆ ‘ಟಿಕ್’. ಕುರಿಗೆ ಜ್ವರ ಬಂದಿದ್ದರೆ, ಮೇವು ತಪ್ಪಿದ್ದರೆ, ಆ ವಾರ ಬೆಳೆದಷ್ಟು ಎಳೆ ಸಣ್ಣಗಾಗಿರುತ್ತದೆ, ಅಲ್ಲೇ ತುಂಡಾಗುತ್ತದೆ.

“ಇದು ಫೆಬ್ರವರಿ,” ಎಂದು ತುಂಡಾದ ಜಾಗ ತೋರಿಸುತ್ತಾರೆ. “ಈ ಮನೆಯವ್ರು ಫೆಬ್ರವರಿಯಲ್ಲಿ ಯಾರೋ ಆಸ್ಪತ್ರೆ ಸೇರಿದ್ರು. ಇಲ್ಲಾ, ಗಂಡ ಹೆಂಡ್ತಿ ಜಗಳ ಆಡ್ಕೊಂಡು ಕುರಿ ಮರೆತ್ರು. ನನಗೆ ಎಲ್ಲರ ಮನೆ ಸುದ್ದಿನೂ ಬರುತ್ತೆ, ಆದ್ರೆ ಆರು ತಿಂಗಳು ತಡ. ಆಗ ಹೋಗಿ ‘ಹುಷಾರಾಗಿದ್ದೀರಾ’ ಅಂದ್ರೆ ಜನ ಏನಂದ್ಕೊಳ್ತಾರೆ?”

ಹಾಗಾಗಿ ಅವರು ಹೋಗುವುದಿಲ್ಲ. ಚೀಲಗಳೇ ಬರುತ್ತವೆ.

ಓಸ್ಲಾ ಹುಟ್ಟಿದ್ದು ಪಶ್ಚಿಮದ ಕರಾವಳಿಯ ಒಂದು ಹಿಡುವಳಿಯಲ್ಲಿ. ಹದಿನಾರಕ್ಕೆ ಇಲ್ಲಿಗೆ ಬಂದರು, ಚೀಲದ ಮೇಲೆ ಮುದ್ರೆ ಒತ್ತಲು. ಮೇಜಿನ ಆ ಕಡೆ ನಿಲ್ಲುತ್ತಿದ್ದ ಮಿಮಿ ಲೀಸ್ಕ್ ಎಂಬ ಹೆಂಗಸು ಮೂರು ವರ್ಷ ತೊಡೆಯ ಉಣ್ಣೆಯ ಆಚೆಗೆ ಏನನ್ನೂ ಮುಟ್ಟಲು ಬಿಡಲಿಲ್ಲ. ನಾಲ್ಕನೆಯ ವರ್ಷ ಪಾತ್ರೆ ಒರೆಸುವ ಬಟ್ಟೆಯಿಂದ ಕಣ್ಣು ಕಟ್ಟಿ, ಹತ್ತು ಮನೆಯ ಹತ್ತು ಕುಚ್ಚು ಕೈಗಿಟ್ಟಳು. ಓಸ್ಲಾ ಒಂಬತ್ತು ಮನೆ ಸರಿಯಾಗಿ ಹೇಳಿದರು. “ಹತ್ತನೇದು ನಮ್ಮಪ್ಪಂದೇ! ಅದೊಂದೇ ತಪ್ಪಿದ್ದು. ಮಿಮಿ ಸಾಯೋವರೆಗೂ ಆಡ್ಕೊಂಡ್ಳು.”

ಮದುವೆ? “ಕೇಳಿಕೊಂಡು ಬಂದವ್ರು ಇಬ್ರು. ಒಬ್ಬ ಕುರಿ ವಾಸನೆ ಅಂದ. ಇನ್ನೊಬ್ಬನಿಗೆ ಮೀನಿನ ವಾಸನೆ ಇತ್ತು, ನಾನೇ ಬೇಡ ಅಂದೆ.”

ಉಣ್ಣೆಯನ್ನು ಯಾರೂ ಕೇಳದ ವರ್ಷಗಳೂ ಬಂದವು. ಹಿಡುವಳಿದಾರರು ತುಪ್ಪಟವನ್ನು ಹಿತ್ತಲಲ್ಲಿ ಗುಡ್ಡೆ ಹಾಕಿ ಬೆಂಕಿ ಹಚ್ಚಿದರು. ಉಣ್ಣೆ ಸರಿಯಾಗಿ ಉರಿಯುವುದೂ ಇಲ್ಲ. ಮೂರು ದಿನ ಮುನಿಸಿಕೊಂಡವರ ಹಾಗೆ ಹೊಗೆಯಾಡುತ್ತದೆ. ಎಂಟು ಜನ ಇದ್ದ ಗೋದಾಮಿನಲ್ಲಿ ಇಬ್ಬರು ಉಳಿದರು. ಆಮೇಲೆ ಮಿಮಿ ಹೋದಳು. ಹೊಸಬರಿಗೆ ಕಲಿಸಿ ಎಂದು ಗೋದಾಮಿನ ಒಡೆಯರು ಎರಡು ಸಲ ಜನ ಕಳಿಸಿದ್ದರು. ಒಬ್ಬಳು ವಾರ ಇದ್ದಳು, ಇನ್ನೊಬ್ಬಳು ಮಧ್ಯಾಹ್ನದ ಊಟದ ತನಕ.

ಈಗ ಕಾಲ ಮತ್ತೆ ತಿರುಗಿದೆ. ಸ್ವೆಟರ್ ಕೊಳ್ಳುವವರಿಗೆ ಅದರ ಉಣ್ಣೆ ಯಾವ ಊರಿನದು, ಯಾವ ಮಂದೆಯದು, ಹೇಗೆ ತೆಗೆದದ್ದು ಎಂದು ತಿಳಿಯಬೇಕು. ಲೇಬಲ್ ಮೇಲಿನ ಚೌಕಕ್ಕೆ ಫೋನ್ ಹಿಡಿದರೆ ಹಿಡುವಳಿಯ ಹೆಸರು, ಕುರಿಯವನ ಚಿತ್ರ, ಎಲ್ಲ ಬರುತ್ತದೆ. ದೂರದೂರಿನಿಂದ ಬರುವ ದಾರಕ್ಕಿಂತ ನೆಲದ್ದೇ ಉಣ್ಣೆ ಒಳ್ಳೆಯದು ಎಂಬ ಜ್ಞಾನೋದಯ ನಗರಗಳಿಗೆ ಆಗಿದೆ. ಆ ಲೇಬಲ್ ಹೇಳುವ ಪ್ರತಿ ಮಾತಿನ ಬುಡದಲ್ಲಿ ಇರುವುದು ಓಸ್ಲಾ ಪೆನ್ಸಿಲಿನಲ್ಲಿ ಬರೆದ ಚೀಟಿ. ಲೇಬಲ್ಲಿನಲ್ಲಿ ಅವರ ಹೆಸರಿಲ್ಲ. ಇರಬೇಕೆಂದು ಅವರಿಗೆ ಹೊಳೆದಿರಲೂ ಇಲ್ಲ.

ಎಡಿನ್‌ಬರೋದ ಒಂದು ಹೆಣಿಗೆ ಕಂಪನಿ ಈ ವರ್ಷ ಯೆಲ್ ದ್ವೀಪದ ಎರ್ಟಿ ಪಾಟಿಂಜರ್ ಅವರ ಉಣ್ಣೆ ಬೇಕೆಂದು ಹೇಳಿಕಳಿಸಿತು. ಎರ್ಟಿಗೆ ಎಪ್ಪತ್ತನಾಲ್ಕು. ಸ್ಟೋವಾ ಎಂಬ ಅವರ ಹಿಡುವಳಿಯಲ್ಲಿ ಮೂವತ್ತೊಂದು ಕುರಿ, ಮೂವತ್ತೊಂದೂ ‘ಶೇಲಾ’ ಬಣ್ಣದವು: ಕಪ್ಪು ನೆಲದ ಮೇಲೆ ಇಬ್ಬನಿ ಹೆಪ್ಪುಗಟ್ಟಿದಾಗ ಕಾಣುವ ಬೂದು. ಅಕ್ಕಪಕ್ಕದ ಮಂದೆಗಳಲ್ಲಿರುವುದು ‘ಎಮ್‌ಸ್ಕೆಟ್’, ನೀಲಿ ಬೆರೆತ ಬೂದು. ಶೇಲಾ ಮಂದೆ ಎಂದು ಆ ಕಡೆ ಉಳಿದಿರುವುದು ಇದೊಂದೇ. ಮೂವತ್ತೊಂದು ಕುರಿಯಿಂದ ಮೂವತ್ತೊಂದು ಸ್ವೆಟರ್ ಎಂದು ಮಾತಾಯಿತು. ಷರತ್ತು ಒಂದೇ: ಕತ್ತರಿ ಸೋಕಿರಬಾರದು. ಜೂನಿನಲ್ಲಿ ಹಳೆಯ ಉಣ್ಣೆ ತಾನಾಗಿ ಸಡಿಲವಾದಾಗ ಕೈಯಲ್ಲೇ ಬಿಡಿಸಬೇಕು. ಹಾಗೆ ಬಿಡಿಸಿದ ಎಳೆಯ ತುದಿ ಕುಂಚದ ಕೂದಲಿನಂತೆ ಸಣ್ಣಗೆ ಮುಗಿಯುತ್ತದೆ, ಮೈಗೆ ಚುಚ್ಚುವುದಿಲ್ಲ. ಎರ್ಟಿಯ ಮಂದೆಗೆ ಎಂದೂ ಕತ್ತರಿ ಹಾಕಿದ್ದಿಲ್ಲ ಎಂಬುದು ಯೆಲ್‌ನಲ್ಲಿ ಎಲ್ಲರಿಗೂ ಗೊತ್ತು, ಏಕೆಂದರೆ ಎರ್ಟಿಯೇ ಎಲ್ಲರಿಗೂ ಹೇಳಿದ್ದಾರೆ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಆ ಚೀಲ ಬಂತು. ಅಡ್ಡಮಳೆ. ಬಾಗಿಲು ಮುಚ್ಚಬೇಕಾಯಿತು, ಕಿಟಕಿ ಕಪ್ಪಾಗಿತ್ತು, ಸಂಜೆಯ ಹಡಗಿಗೆ ಚೀಲ ಹೋಗಬೇಕಿತ್ತು. ಓಸ್ಲಾ ಬಲ್ಬು ಹಾಕಿದರು. ಇಪ್ಪತ್ತೆರಡು ತುಪ್ಪಟ ಎಂದಿನ ಹಾಗೇ ಇದ್ದವು. ಇಪ್ಪತ್ತಮೂರನೆಯದರ ಎಳೆಯನ್ನು ಮೇಲ್ದುಟಿಗೆ ಸೋಕಿಸಿದಾಗ ಚುಚ್ಚಿತು. ಕತ್ತರಿಸಿದ ತುದಿ. ಮುಂದಿನದೂ ಹಾಗೇ. ಹೀಗೆ ಒಂಬತ್ತು.

“ಬಲ್ಬಿಗೆ ಹಿಡಿದು ನೋಡ್ದೆ. ಎಮ್‌ಸ್ಕೆಟ್ ಅನ್ನಿಸ್ತು,” ಎನ್ನುತ್ತಾರೆ ಓಸ್ಲಾ. “ತಲೆ ತಾನೇ ಕಥೆ ಕಟ್ಬಿಡ್ತು. ಎರ್ಟಿಗೆ ಮೂವತ್ತೊಂದು ಬೇಕಿತ್ತು, ಇಪ್ಪತ್ತೆರಡೇ ಆಯ್ತು, ಪಕ್ಕದವ್ರ ಹತ್ರ ಒಂಬತ್ತು ತಗೊಂಡು ಸೇರಿಸಿದಾನೆ ಅಂತ. ಎದುರಿಗೆ ಯಾರಾದ್ರೂ ಇದ್ದಿದ್ರೆ ಬಾಯಿಬಿಟ್ಟು ಹೇಳ್ತಿದ್ದೆ. ಬಾಯಿಬಿಟ್ಟು ಹೇಳಿದ್ರೆ ನನಗೇ ನಗು ಬರ್ತಿತ್ತು. ಯಾರೂ ಇರ್ಲಿಲ್ಲ. ಬರೆದುಬಿಟ್ಟೆ.”

ಬರೆದದ್ದು ಕೆಂಪು ಚೀಟಿಯ ಮೇಲೆ ಎರಡೇ ಪದ: ಬೇರೆ ಮಂದೆಯದು. ಚೀಲ ಹಡಗು ಹತ್ತದೆ ಉಳಿಯಿತು, ಚೀಟಿಯ ಪ್ರತಿ ರೂಢಿಯಂತೆ ಆ ಸಂಜೆಯ ಅಂಚೆಯಲ್ಲೇ ಯೆಲ್‌ಗೆ ಹೋಯಿತು.

ಹೊರಗಿನವರಿಗೆ ಇದು ಗೋದಾಮಿನ ಒಂದು ಷರಾ. ಇಲ್ಲಿನವರಿಗೆ ಹಾಗಲ್ಲ. ಎಲ್ಲರ ಕುರಿಯೂ ಒಂದೇ ಗುಡ್ಡದಲ್ಲಿ ಮೇಯುವ ಊರಿನಲ್ಲಿ, ಒಡೆಯನ ಗುರುತಿಗೆ ಕುರಿಯ ಕಿವಿಗೆ ಹಾಕಿದ ಕಚ್ಚು ನೋಡಿ, ನೆರೆಯವರನ್ನು ಸಾಕ್ಷಿಗೆ ನಿಲ್ಲಿಸಿಕೊಂಡೇ ಉಣ್ಣೆ ಬಿಡಿಸುತ್ತಿದ್ದರು. ಒಬ್ಬನೇ ಗುಡ್ಡಕ್ಕೆ ಹೋದವನ ಮೇಲೆ ನಾಲ್ಕು ಜನರ ಕಣ್ಣು ಬೀಳುತ್ತಿತ್ತು. ‘ಅವನ ಉಣ್ಣೆ ಅವನದಲ್ಲ’ ಎಂಬುದಕ್ಕಿಂತ ದೊಡ್ಡ ಬೈಗುಳ ಯೆಲ್‌ನಲ್ಲಿ ಇಂದಿಗೂ ಹುಟ್ಟಿಲ್ಲ.

ಮಾರನೆಯ ಬೆಳಿಗ್ಗೆ ಮಳೆ ನಿಂತಿತ್ತು. ತಿರಸ್ಕರಿಸಿದ ಚೀಲವನ್ನು ಬದಿಗಿಡಲು ಎತ್ತಿದ ಓಸ್ಲಾ ಉತ್ತರದ ಕಿಟಕಿಯ ಮುಂದೆ ಹಾದರು. ಚೀಲದ ಬಾಯಿಯಲ್ಲಿ ಇಣುಕುತ್ತಿದ್ದ ಉಣ್ಣೆಯಲ್ಲಿ ನೀಲಿ ಇರಲಿಲ್ಲ. ಹೆಪ್ಪುಗಟ್ಟಿದ ಇಬ್ಬನಿ ಇತ್ತು. “ಮಿಮಿ ನಿಲ್ತಿದ್ದ ಜಾಗದಲ್ಲೇ ಕೂತ್ಬಿಟ್ಟೆ.”

ಫೋನ್ ಮಾಡಿದರು. ಎರ್ಟಿ ಎತ್ತಲಿಲ್ಲ. ಮತ್ತೆ ಮಾಡಿದರು. ಎಂಟನೆಯ ದಿನ ಬಂದರಿನ ಗೋಡೆಯ ಮೇಲೆ ಅಕ್ಟೋಬರಿನ ಕುರಿ ಮಾರಾಟದ ಪಟ್ಟಿ ಅಂಟಿಸಿದ್ದರು. ಅದರಲ್ಲಿ ಒಂದು ಸಾಲು: ಪಾಟಿಂಜರ್, ಸ್ಟೋವಾ, ಶೇಲಾ, ಮೂವತ್ತೊಂದು, ಮಂದೆ ಪೂರ್ತಿ. ಮಾರಾಟವಾಗಿ ಹಡಗು ಹತ್ತಿದ ಕುರಿ ದಕ್ಷಿಣದ ಬಿಳಿ ಮಂದೆಗಳಲ್ಲಿ ಕರಗಿಹೋಗುತ್ತದೆ. ಎರಡು ತಲೆಮಾರಿನಲ್ಲಿ ಬಣ್ಣ ಇಲ್ಲ. ಓಸ್ಲಾ ಅವರ ಎರಡು ಪದ ಒಂದು ಬಣ್ಣವನ್ನು ಹಡಗು ಹತ್ತಿಸುತ್ತಿತ್ತು.

ಆ ಭಾನುವಾರ ಅವರು ಬಸ್ಸು ಹಿಡಿದು, ದೋಣಿ ದಾಟಿ, ಎರಡು ಮೈಲಿ ನಡೆದು ಸ್ಟೋವಾಕ್ಕೆ ಹೋದರು. ಅಷ್ಟು ವರ್ಷ ಆ ಮನೆಯ ಉಣ್ಣೆ ಮುಟ್ಟಿದ್ದವರು ಆ ಮನೆಯ ಮುಂದೆ ನಿಂತಿದ್ದು ಅದೇ ಮೊದಲು. ಎರ್ಟಿ ಬಿದ್ದ ಕಲ್ಲುಗೋಡೆ ಕಟ್ಟುತ್ತಿದ್ದರು. ತಲೆಯೆತ್ತಲಿಲ್ಲ.

“ಓಹೋ. ಪೊಲೀಸ್ನೋರು ಬಂದ್ರು.”

“ಎರ್ಟಿ, ಇಲ್ಲಿ ಕೇಳು—”

“ಕಳ್ಳಮಾಲು ಮನೆ ಹಿಂದಿದೆ. ನಾಲ್ಕು ಕಾಲ ಮೇಲೆ ನಿಂತಿದೆ. ಹೋಗಿ ಒಂದೊಂದ್ರ ಕಿವಿನೂ ನೋಡ್ಕೊಂಡು ಬಾ.”

“ಕಿವಿ ನೋಡೋಕೆ ಬಂದಿಲ್ಲ ಮಾರಾಯ. ಬಣ್ಣ ನೋಡ್ದೆ. ಮಾರನೇ ದಿನ.”

“ಮಾರನೇ ದಿನ!” ಎರ್ಟಿ ಈಗ ತಲೆಯೆತ್ತಿದರು. “ಮೊದಲ್ನೇ ದಿನ ಬಲ್ಬ್ ಹಾಕ್ಕೊಂಡು ನೋಡಿದ್ಯಾ?”

“ಹೂಂ.”

“ಮಿಮಿ ಇದ್ದಿದ್ರೆ ನಿನ್ನ ಕಿವಿ ಹಿಂಡೋಳು.”

“ಮಿಮಿ ಇದ್ದಿದ್ರೆ ತಪ್ಪೇ ಆಗ್ತಿರ್ಲಿಲ್ಲ ಕಣೋ.”

ಎರ್ಟಿ ಒಂದು ಕಲ್ಲನ್ನು ತಿರುಗಿಸಿ ನೋಡಿ, ಹೊಂದದೆ, ಕೆಳಗಿಟ್ಟರು. ಓಸ್ಲಾ ಕೇಳಿದರು: “ಆದ್ರೆ ಕತ್ತರಿ ಹಾಕ್ಸಿದ್ದು ನಿಜ ತಾನೆ? ನೀನು?”

“ನಿಜ.”

“ಯಾಕೋ?”

ಎರ್ಟಿ ಇನ್ನೊಂದು ಕಲ್ಲು ಎತ್ತಿಕೊಂಡರು. “ಹಿಡಿಯೋದು ಬಾಬಿ. ಬಿಡಿಸೋದು ನಾನು.” ಬಾಬಿ ಅವರ ತಂಗಿ, ಅಣ್ಣ ತಂಗಿ ಇಬ್ಬರೂ ಮದುವೆಯಾಗದೆ ಒಂದೇ ಮನೆಯಲ್ಲಿದ್ದವರು. “ಏಪ್ರಿಲ್‌ನಲ್ಲಿ ಜಾರಿ ಬಿದ್ಲು, ಸೊಂಟ ಮುರೀತು. ನಿಮ್ಮ ಲೆರ್ವಿಕ್ಕಿನ ಆರೈಕೆ ಮನೇಲಿದಾಳೆ. ವಾಪಸ್ ಬರಲ್ಲ ಅಂದ್ರು. ನಾನು ಕುರಿನ ಮೊಣಕಾಲಲ್ಲಿ ಅದುಮ್ಕೊಂಡು ಇಪ್ಪತ್ತೆರಡು ಬಿಡಿಸ್ದೆ. ಇಪ್ಪತ್ಮೂರನೇದು ನನ್ನನ್ನೇ ಕೆಡವಿ ಎದೆ ಮೇಲೆ ನಿಂತ್ಕೊಂಡು ಹುಲ್ಲು ಮೇಯೋಕೆ ಶುರು ಮಾಡ್ತು. ಆಮೇಲೆ ಮಷಿನ್ ಕತ್ತರಿಯವನಿಗೆ ಹೇಳ್ದೆ.”

“ಚೀಲದಲ್ಲಿ ಒಂದು ಚೀಟಿ ಇಡೋಕೆ ಏನಾಗಿತ್ತು ನಿನಗೆ?”

“ಏನಂತ? ಹಿಡ್ಕೊಳ್ಳೋಕೆ ಯಾರೂ ಇಲ್ಲ ಅಂತ ಬರೀಲಾ?”

ಓಸ್ಲಾ ಚೀಲದಿಂದ ಬಿಚ್ಚಿ ತಂದಿದ್ದ ಕೆಂಪು ಚೀಟಿಯನ್ನು ಎರ್ಟಿಯ ಕಣ್ಣ ಮುಂದೆ ನಾಲ್ಕು ತುಂಡು ಮಾಡಿದರು. ಎರ್ಟಿ ಆ ತುಂಡುಗಳನ್ನು ಕಲ್ಲುಗೋಡೆಯ ಸಂದಿಗೆ ತುರುಕಿ, ಮೇಲೊಂದು ಕಲ್ಲಿಟ್ಟರು. ಚಹಾ ಕೊಟ್ಟರು. ಮಾರಾಟದ ಪಟ್ಟಿಯ ಮಾತನ್ನು ಇಬ್ಬರೂ ಎತ್ತಲಿಲ್ಲ.

ಮಾರನೆಯ ದಿನ ಓಸ್ಲಾ ಎರಡು ಚೀಲ ಮಾಡಿ ಎರಡು ಬಿಳಿ ಚೀಟಿ ಬರೆದರು. ಇಪ್ಪತ್ತೆರಡರ ಮೇಲೆ: ಸ್ಟೋವಾ, ಶೇಲಾ, ಕೈಯಲ್ಲಿ ಬಿಡಿಸಿದ್ದು. ಒಂಬತ್ತರ ಮೇಲೆ: ಸ್ಟೋವಾ, ಶೇಲಾ, ಕತ್ತರಿಸಿದ್ದು, ಹಿಡಿದುಕೊಳ್ಳಲು ಯಾರೂ ಇರಲಿಲ್ಲ. ಯೆಲ್‌ಗೆ ಹೋದ ಪ್ರತಿಯಲ್ಲೂ ಅದೇ ಇತ್ತು.

ಹೆಣಿಗೆ ಕಂಪನಿಯ ಐಲಿ ಎಂಬಾಕೆ ಫೋನ್ ಮಾಡಿದರು. ಒಳ್ಳೆಯ ಹೆಂಗಸು, ದನಿಯಲ್ಲಿ ಸಕ್ಕರೆ. “ಮೇಡಂ, ಮೂವತ್ತೊಂದು ಲೇಬಲ್ ಆಗಲೇ ಅಚ್ಚಾಗಿದೆ. ಎಲ್ಲಾ ಒಂದೇ ಮಂದೆ, ಒಂದೇ ಬಣ್ಣ. ಒಂಬತ್ತಕ್ಕೆ ಕತ್ತರಿ ಬಿದ್ದಿದೆ ಅಂತ ಯಾರಿಗೆ ಗೊತ್ತಾಗುತ್ತೆ?”

“ಹಾಕ್ಕೊಂಡವ್ರ ಕತ್ತಿಗೆ ಗೊತ್ತಾಗುತ್ತೆ,” ಎಂದರು ಓಸ್ಲಾ. “ಕತ್ತು ಲೇಬಲ್ ಓದಲ್ಲ.”

ಒಂಬತ್ತು ಲೇಬಲ್ ಮತ್ತೆ ಅಚ್ಚಾಗುತ್ತಿವೆ. ‘ಕತ್ತರಿಸಿದ್ದು’ ಎಂಬಲ್ಲಿಗೆ ಕಂಪನಿ ನಿಲ್ಲಿಸಿದೆ. ಉಳಿದ ಮೂರು ಪದಗಳಿಗೆ ಚೌಕದಲ್ಲಿ ಜಾಗ ಇಲ್ಲವಂತೆ.

ಈ ತಿಂಗಳ ಮೊದಲ ವಾರ ಯೆಲ್‌ನ ದೋಣಿಯಲ್ಲಿ ಸ್ಟೋವಾದ ಖಾಲಿ ಚೀಲವೊಂದು ಓಸ್ಲಾ ಹೆಸರಿಗೆ ಬಂತು. ಒಳಗೆ ಒಂದು ಕಾಗದದ ತುಂಡು: ‘ಪಟ್ಟಿಯಿಂದ ತೆಗೆಸಿದೆ. ಜೂನ್ ಎರಡನೇ ವಾರ ಉಣ್ಣೆ ಸಡಿಲಾಗುತ್ತೆ. ನಿನಗೆ ಹಿಡಿಯೋದು ಬರುತ್ತಾ?’

ಬರುವುದಿಲ್ಲ. ಎಂಟು ಲಕ್ಷ ತುಪ್ಪಟ ನೋಡಿದವರು ಜೀವಂತ ಕುರಿ ಮುಟ್ಟಿ ಐವತ್ತು ವರ್ಷವಾಗಿದೆ. ಹಾಗಾಗಿ ಈಗ ಗುರುವಾರ ಗುರುವಾರ, ಗೋದಾಮಿನಿಂದ ಹತ್ತು ನಿಮಿಷದ ದಾರಿಯ ಆರೈಕೆ ಮನೆಗೆ ಹೋಗಿ ಬಾಬಿಯ ಹಾಸಿಗೆಯ ಪಕ್ಕ ಕೂರುತ್ತಾರೆ. ಬಾಬಿ ದಿಂಬು ಹಿಡಿದು ಪಾಠ ಮಾಡುತ್ತಾಳೆ. “ಹಾಗೆ ಹಿಸುಕ್ಬೇಡ ಕಣೇ, ಅದೇನು ಒದ್ದೆ ಬಟ್ಟೆನಾ? ಕುರಿನ ಹಿಡೀಬಾರ್ದು. ಅದಕ್ಕೆ ಒರಗ್ಕೋಬೇಕು. ನೀನು ಒರಗಿದೀಯ ಅಂತ ಗೊತ್ತಾದ್ರೆ ಅದೂ ನಿಂತ್ಕೊಳ್ಳುತ್ತೆ.” ಒರಗಿ ಅಭ್ಯಾಸವಿಲ್ಲದ ಓಸ್ಲಾ ದಿಂಬನ್ನು ಕೆಳಗೆ ಬೀಳಿಸುತ್ತಾರೆ.

ಎಂಟು ಗಂಟೆಗೆ ಕಿಟಕಿ ಬೆಳ್ಳಗಾಗುತ್ತದೆ. ಮೇಜಿನ ಮೇಲಿನ ಮೂರು ಬೂದು ಬೇರೆ ಬೇರೆ ಮೂರು ಬೂದಾಗುತ್ತವೆ. ಓಸ್ಲಾ ಎದ್ದು, ಒಂದು ಕುಚ್ಚು ತೆಗೆದು ಕಿವಿಯ ಹತ್ತಿರ ಜಗ್ಗುತ್ತಾರೆ. ಗಟ್ಟಿಯಿದೆ. ಇನ್ನೇನು ಬೇಕು ಎಂದು ಕೇಳಿದರೆ, ಹೆಸರಾ, ಸನ್ಮಾನವಾ, ನಿವೃತ್ತಿಯಾ ಎಂದು ಒಂದೊಂದಾಗಿ ಕೇಳಿದರೆ, ಒಂದೊಂದಕ್ಕೂ ಅಲ್ಲವೆಂದು ತಲೆಯಾಡಿಸಿ ಮೇಜಿನ ಆ ಕಡೆ ನೋಡುತ್ತಾರೆ.

“ಅಲ್ಲಿ ಒಬ್ರು ನಿಂತಿರ್ಬೇಕು. ಕೆಲ್ಸ ಮಾಡೋಕಲ್ಲ, ಅದು ನಾನು ಮಾಡ್ಕೊಳ್ತೀನಿ. ‘ಓಸ್ಲಾ, ಇನ್ನೊಂದ್ಸಲ ನೋಡೇ’ ಅನ್ನೋಕೆ.”